ಬಾಣಂತನಕ್ಕೆ ಬಂದವರ ಬೆಡ್‌ರೂಮ್

ಹೂಸ್ಟನ್ ಪಕ್ಕದ ಕೇಟಿ ಅನ್ನುವ ಊರಿನ ನಮ್ಮ ಮನೆಯಲ್ಲಿ ಗೊಂಬೆಗಳಿಗೆ ಅಂತಲೇ ಒಂದು ಬೆಡ್‌ರೂಮ್ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನನಗೆ ಬರುವ ಸಿಟ್ಟಿಗೆಲ್ಲ ಅದೇ ಮೂಲ. ಮಗ ಆಸ್ಟಿನ್ ಸೇರಿದ, ಮಗಳು ಡಲ್ಲಾಸ್ ಸೇರಿದಳು, ಅಷ್ಟು ದೊಡ್ಡ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಒಂದು ರೂಮಿನಲ್ಲಿ ನಾನು ಮಲಗುತ್ತೇನೆ. ಗೊರಕೆಯ ಅಪರಾಧಕ್ಕೆ ಗಡಿಪಾರಾದ ಗಂಡ ಇನ್ನೊಂದರಲ್ಲಿ ಮಲಗುತ್ತಾರೆ. ಮತ್ತೊಂದರಲ್ಲಿ ಟ್ರೆಡ್‌ಮಿಲ್ ಇದೆ, ಅದರ ಮೇಲೆ ಸೀರೆ ಒಣಗುತ್ತದೆ. ಇನ್ನು ದಸರಾ ಗೊಂಬೆಗಳು. ಒಂದು ವರ್ಷ ಹಬ್ಬ ಮುಗಿದ ಮೇಲೆ ಅವನ್ನು ಡಬ್ಬಕ್ಕೆ ತುಂಬಲು ನನ್ನ ಸೊಂಟ ಒಪ್ಪಲಿಲ್ಲ. ಅಂದಿನಿಂದ ಪಟ್ಟದ ರಾಜ ರಾಣಿ ಮಹಡಿಯ ಮೇಲೆ ವರ್ಷವಿಡೀ ತಣ್ಣಗೆ ಎ.ಸಿ.ಯಲ್ಲಿ ನಿಂತಿದ್ದಾರೆ. ಅವರು ಅಲ್ಲಿ ಯಾಕಿದ್ದಾರೆ, ಎಷ್ಟು ದಿನ ಇರುತ್ತಾರೆ ಅಂತ ಯಾವ ಸರ್ಕಾರವೂ ನಮ್ಮನ್ನು ಕೇಳಿದ್ದಿಲ್ಲ.

ನನ್ನ ಗೆಳತಿಯೊಬ್ಬಳಿದ್ದಾಳೆ, ಧಾರವಾಡದವಳು. ನಮ್ಮ ಪರಿಚಯವಾದದ್ದು ದೇವಸ್ಥಾನದ ಅಡುಗೆಮನೆಯಲ್ಲಿ, ಒಂದೇ ಕೊಳಗದ ಚಿತ್ರಾನ್ನವನ್ನು ಎರಡು ಕಡೆಯಿಂದ ಕಲಸುತ್ತ. ಅವಳ ಗಂಡ ಇನ್ನೊಂದು ಸಂಸಾರ ಹುಡುಕಿಕೊಂಡು ಬೇರೆ ರಾಜ್ಯಕ್ಕೆ ಹೋಗಿ ವರ್ಷಗಳಾದವು. ಅವಳು ಶಾಲೆಯ ಕ್ಯಾಂಟೀನಿನಲ್ಲಿ ದುಡಿಯುತ್ತಾಳೆ. ಹೂಸ್ಟನ್ನಿನ ಪಶ್ಚಿಮಕ್ಕೆ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಅವಳು, ಹೈಸ್ಕೂಲಿನ ಮಗಳು ಮತ್ತು ಅತ್ತೆ, ಹೀಗೆ ಮೂವರ ಸಂಸಾರ. ಅತ್ತೆ ಅಂದರೆ ಆ ಓಡಿಹೋದ ಗಂಡನ ತಾಯಿಯೇ. ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದ ಮಗ ಹೋದ, ತಾಯಿ ಸೊಸೆಯ ಜೊತೆ ಉಳಿದರು. ನಮ್ಮ ಕೇಟಿಯ ಆಂಟಿಯರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ.

ಆ ಮನೆಯ ಬಾಡಿಗೆಯ ದೊಡ್ಡ ಪಾಲನ್ನು ಸರ್ಕಾರ ನೇರವಾಗಿ ಮಾಲೀಕನಿಗೆ ಕಟ್ಟುತ್ತಿತ್ತು. ಆದಾಯ ಕಡಿಮೆ ಇರುವವರಿಗೆ ಇಲ್ಲಿ ಅಂಥದೊಂದು ಏರ್ಪಾಡಿದೆ, ವೌಚರ್ ಅನ್ನುತ್ತಾರೆ. ಮನೆಯಲ್ಲಿ ಇಷ್ಟು ಜನ ಇದ್ದರೆ ಇಷ್ಟು ಬೆಡ್‌ರೂಮ್ ಅಂತ ಲೆಕ್ಕ. ಅದುವರೆಗೆ ಯಾರೂ ಅಷ್ಟಾಗಿ ಕೆದಕಿರಲಿಲ್ಲ. ಆ ವರ್ಷ ಹಣ ಸಾಲದೆಂದು ವೌಚರ್ ಆಫೀಸಿನವರು ಕತ್ತರಿ ಹಿಡಿದು ಕೂತರು, ಮನೆಮನೆಗೆ ಬಂದು ನಿಜವಾಗಿ ಯಾರಿದ್ದಾರೆ ಯಾರಿಲ್ಲ ನೋಡುತ್ತೇವೆ ಅಂದರು. ಅಪಾರ್ಟ್‌ಮೆಂಟಿನ ಮ್ಯಾನೇಜರನ್ನೂ ವಿಚಾರಿಸಿದರು. ಆಕೆ ಒಳ್ಳೆಯ ಹೆಂಗಸು, ಸುಳ್ಳು ಹೇಳುವವಳಲ್ಲ. ಆ ಅಜ್ಜಿ ಇಲ್ಲಿಯವರಲ್ಲ, ಗೆಸ್ಟ್, ನಾಳೆ ಹೊರಡುತ್ತಾರೆ ಅಂತ ಹೇಳಿದಳು.

ಆಕೆಯ ತಪ್ಪಿಲ್ಲ. ಅಜ್ಜಿಯೇ ಅವಳಿಗೆ ವಾರವಾರವೂ ಹಾಗೆ ಹೇಳುತ್ತಿದ್ದರು. ಅವರ ಹತ್ತಿರ ಇದ್ದ ಇಂಗ್ಲಿಷ್ ಅಷ್ಟೇ: 'ಐ ಯಾಮ್ ಗೆಸ್ಟ್. ಟುಮಾರೋ ಗೋಯಿಂಗ್.' ಟಪಾಲು ತರುವವನಿಗೂ ಅದನ್ನೇ ಹೇಳುತ್ತಿದ್ದರು, ಈಜುಕೊಳದ ಹತ್ತಿರ ಬಿಸಿಲು ಕಾಯುವವರಿಗೂ ಅದನ್ನೇ. ಮೊಮ್ಮಗಳು ಹುಟ್ಟಿದಾಗ ಸೊಸೆಯ ಬಾಣಂತನಕ್ಕೆಂದು ಬಂದವರು ಅವರು. ಮಗು ನಡೆಯಿತು, ಓಡಿತು, ಅಜ್ಜಿಗಿಂತ ಎತ್ತರವಾಯಿತು, ಈಗ ಕಾರು ಕಲಿಯುವ ಮಾತಾಡುತ್ತಿದೆ. ಅಜ್ಜಿ ಮಾತ್ರ ನಾಳೆ ಹೊರಡುವವರು. ಅವರ ಮಂಚದ ಪಕ್ಕದಲ್ಲಿ ತುಂಬಿದ ಸೂಟ್‌ಕೇಸ್ ಸದಾ ನಿಂತಿರುತ್ತಿತ್ತು, ಹಿಡಿಕೆಗೆ ಒಂದು ಕೆಂಪು ದಾರ ಸುತ್ತಿಕೊಂಡು. ಅಡುಗೆ ಮಾಡುವರು, ಬಟ್ಟೆ ಮಡಿಸುವರು, ಮೊಮ್ಮಗಳ ಜಡೆ ಹೆಣೆಯುವರು. ಕಸದ ಚೀಲವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನೆಂಟರಾಗಿ ಬಂದವರು ಆ ಮನೆಯ ಕಸ ಹೊರಗೆ ಚೆಲ್ಲಬಾರದು, ಮನೆಯವರಿಗೆ ಒಳ್ಳೆಯದಲ್ಲ ಅನ್ನುವುದು ಅವರ ನಂಬಿಕೆ.

ಗೆಳತಿ ಫೋನ್ ಮಾಡಿ ಅತ್ತಳು. "ಅಕ್ಕಾರ, ಅತ್ತಿ ಗೆಸ್ಟ್ ಅಂತ ಬರಕೊಂಡ್ರ ಒಂದ ಬೆಡ್‌ರೂಮ್ ಕಟ್ ಮಾಡ್ತಾರಂತ. ಅಷ್ಟ ಅಲ್ಲರಿ, ಅತ್ತಿ ಇಲ್ಲಿ ಇರಂಗಽ ಇಲ್ಲಂತ. ಗೆಸ್ಟ್ ಅಂದ್ರ ನಾಕ ದಿನ ಇದ್ದ ಹೋಗಬೇಕಂತ. ಅವರು ಎಲ್ಲಿ ಹೋಗಬೇಕ್ರಿ?"

ಅದನ್ನು ಊಟದ ಹೊತ್ತಿನಲ್ಲಿ ಗಂಡನಿಗೆ ಹೇಳಿದೆ. ಅವರು ಸಾರಿಗೆ ತುಪ್ಪ ಹಾಕಿಕೊಳ್ಳುತ್ತ, "ಟ್ಯಾಕ್ಸ್ ದುಡ್ಡು ಅಲ್ವಾ, ಚೆಕ್ ಮಾಡಲೇಬೇಕು. ಇಲ್ದಿದ್ರೆ ಎಲ್ಲರೂ ಅಜ್ಜಿ ಇದ್ದಾರೆ ಅಂತಾರೆ" ಅಂದರು.

"ಸರಿ. ನಮ್ಮ ಗೊಂಬೆಗಳನ್ನೂ ಬಂದು ಚೆಕ್ ಮಾಡಲಿ."

"ಇದು ನಮ್ಮ ಸ್ವಂತ ಮನೆ ಕಣೇ."

"ಸ್ವಂತ ಮನೇಲಿದ್ದೀವಿ ಅಂತ ಪ್ರಾಪರ್ಟಿ ಟ್ಯಾಕ್ಸಲ್ಲಿ ವರ್ಷವರ್ಷ ರಿಯಾಯಿತಿ ಕೊಡ್ತಾರಲ್ಲ, ಅದನ್ನೇನು ನಿಮ್ಮ ಮಾವ ಕೊಡ್ತಾರಾ?"

ನನ್ನ ಅಪ್ಪನನ್ನು ನಾನೇ ಮಧ್ಯೆ ತಂದದ್ದಕ್ಕೆ ಅವರು ಇನ್ನೊಂದು ಚಮಚ ತುಪ್ಪ ಹಾಕಿಕೊಂಡರು. ಅದೇ ಬೇರೆ ಇದೇ ಬೇರೆ ಅಂದರು. ಹೇಗೆ ಬೇರೆ ಅಂದೆ. ಮಜ್ಜಿಗೆ ಹಾಕು ಅಂದರು. ಮನೆ ಇದ್ದವರಿಗೆ ಕೊಟ್ಟರೆ ಅದು ರಿಯಾಯಿತಿ, ಇಲ್ಲದವರಿಗೆ ಕೊಟ್ಟರೆ ಧರ್ಮಕ್ಕೆ ಕೊಟ್ಟಂತೆ. ನಮಗೆ ಕೊಡುವಾಗ ಯಾರು ಎಲ್ಲಿ ಮಲಗುತ್ತೀರಿ ಅಂತ ಕೇಳುವುದಿಲ್ಲ, ಅವರಿಗೆ ಕೊಡುವಾಗ ಹಾಸಿಗೆ ಎತ್ತಿ ನೋಡುತ್ತಾರೆ. ಈ ಅನ್ಯಾಯ ನನಗೆ ಆ ಮಜ್ಜಿಗೆ ಹಾಕುವಾಗ ತಲೆಗೆ ಹೋಯಿತು. ಅಷ್ಟು ವರ್ಷ ಟ್ರೆಡ್‌ಮಿಲ್ ಮೇಲೆ ಸೀರೆ ಒಣಗಿಸುವಾಗ ಹೋಗಿರಲಿಲ್ಲ.

ಆಫೀಸಿನವರು ಬರುವ ಹಿಂದಿನ ದಿನ ಅಜ್ಜಿಗೆ ಪಾಠ ಹೇಳಲು ಹೋದೆ. ಅನುವಾದ ಮಾಡುವ ಕೆಲಸವನ್ನೂ ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಮೈಸೂರಿನವಳಾದ ನನ್ನನ್ನು ಅಜ್ಜಿ ಮೈಸೂರವ್ವ ಅಂತ ಕರೆಯುತ್ತಿದ್ದರು, ನನ್ನ ಕನ್ನಡ ಬಹಳ ಮೆತ್ತಗೆ ಅಂತ ಅವರ ಅಭಿಪ್ರಾಯ.

"ಅಮ್ಮ, ನಾಳೆ ಅವರು ಕೇಳಿದಾಗ ಇದು ನನ್ನ ಮನೆ ಅಂತ ಹೇಳ್ಬೇಕು. ಅಷ್ಟೇ."

"ಸುಳ್ಳ ಹೇಳ್ಲೇನ?"

"ಸುಳ್ಳಲ್ಲ ಅಮ್ಮ, ನೀವು ಇಲ್ಲೇ ಇದ್ದೀರಲ್ಲ."

"ಇದ್ದೀನಿ. ಇರೋದ ಬ್ಯಾರೆ, ಮನಿ ಅನ್ನೋದ ಬ್ಯಾರೆ. ನಾ ಬಂದಾಕಿ, ಮೈಸೂರವ್ವ. ಬಂದಾಕಿ ಬಂದಾಕಿ ಹಂಗ ಇರಬೇಕು." ಇಷ್ಟು ಹೇಳಿ ನನ್ನ ತಟ್ಟೆಗೆ ಇನ್ನೊಂದು ಶೇಂಗಾ ಉಂಡೆ ಹಾಕಿದರು. ಈ ಹಟಮಾರಿ ಮುದುಕಿಗೆ ಹೇಳುವುದೂ ಒಂದೇ, ಬಂಡೆಗೆ ಹೇಳುವುದೂ ಒಂದೇ ಅಂತ ಗೊಣಗುತ್ತ ಐ-ಟೆನ್ ಹೆದ್ದಾರಿ ಹತ್ತಿ ಮನೆಗೆ ಬಂದೆ.

ಮರುದಿನ ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ಬಾಗಿಲಲ್ಲಿ ಚಪ್ಪಲಿಗಳನ್ನು ನೋಡಿ ತಾನೂ ಬೂಟು ಬಿಚ್ಚಿದಳು. ಎಲ್ಲರನ್ನೂ ಮ್ಯಾಮ್ ಅನ್ನುತ್ತಿದ್ದಳು, ಹದಿಹರೆಯದ ಮೊಮ್ಮಗಳನ್ನೂ. ದಿನಕ್ಕೆ ಇಂಥ ಎಷ್ಟು ಮನೆ ಹತ್ತಿ ಇಳಿಯುತ್ತಿದ್ದಳೋ, ಕೂತ ತಕ್ಷಣ ಹಿಮ್ಮಡಿ ಒತ್ತಿಕೊಂಡಳು. ಅಜ್ಜಿ ಅಡುಗೆಮನೆಗೆ ಹೋಗಿ ಉಂಡೆ, ಚಹಾ ತಂದಿಟ್ಟರು, ಒಂದೊಂದು ಡಬ್ಬಿಯನ್ನೂ ನೋಡದೆಯೇ ಕೈಗೆ ತೆಗೆದುಕೊಂಡು. ಅಧಿಕಾರಿ ಸ್ಟೋವ್ ಹಚ್ಚಿ ನೋಡಿದಳು, ಕಿಟಕಿ ತೆರೆದು ನೋಡಿದಳು. ಆಮೇಲೆ ಅಜ್ಜಿಯ ಎದುರು ಕೂತು, ನೀವು ಇಲ್ಲೇ ವಾಸವಾಗಿದ್ದೀರಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಗೆಸ್ಟ್" ಅಂದುಬಿಟ್ಟರು. "ಟುಮಾರೋ ಗೋಯಿಂಗ್."

ಅಷ್ಟು ಚೊಕ್ಕ ಇಂಗ್ಲಿಷಿಗೆ ಅನುವಾದಕಿ ಏನು ತಾನೇ ಮಾಡಿಯಾಳು? ನಮ್ಮ ಕಡೆ ಎಲ್ಲ ಹಿರಿಯರೂ ಹೀಗೇ ಹೇಳುತ್ತಾರೆ, ಇದು ಒಂದು ಥರದ ಮರ್ಯಾದೆ ಅಂತ ತೊದಲಿದೆ. ಅಧಿಕಾರಿ ಸಮಾಧಾನವಾಗಿ, ಹಾಗಾದರೆ ಯಾವಾಗ ಬಂದಿರಿ, ಯಾಕೆ ಬಂದಿರಿ ಕೇಳಿ ಅಂದಳು.

"ಈಕೀ ಬಾಣಂತನಕ್ಕ ಬಂದೆ" ಅಂದರು ಅಜ್ಜಿ, ಸೊಸೆಯನ್ನು ತೋರಿಸಿ.

ಬಾಣಂತನವನ್ನು ಇಂಗ್ಲಿಷಿಗೆ ತರುವ ಸಾಹಸ ಮಾಡಿದೆ. ಹೆತ್ತವಳಿಗೆ ಎಣ್ಣೆ ನೀರು ಹಾಕುವುದು, ತಲೆಗೆ ಬಟ್ಟೆ ಕಟ್ಟುವುದು, ಬೆಳ್ಳುಳ್ಳಿ ತಿನ್ನಿಸುವುದು, ಸಾಂಬ್ರಾಣಿ ಹೊಗೆ ಹಾಕುವುದು. ಅಧಿಕಾರಿಯ ಕಣ್ಣು ತಾನಾಗಿ ಗೋಡೆಯ ಸ್ಮೋಕ್ ಅಲಾರ್ಮ್ ಕಡೆಗೆ ಹೋಯಿತು. ಈ ಕೆಲಸಕ್ಕೆ ಕೆಲವು ತಿಂಗಳಿಗಂತ ಬರುತ್ತಾರೆ, ಮುಗಿದ ಮೇಲೆ ಹೋಗುತ್ತಾರೆ ಅಂದೆ. ಕೂಸು ಎಲ್ಲಿ ಅಂತ ಅವಳು ಕೇಳಿದಳು. ಎಲ್ಲರೂ ಬಾಗಿಲಿಗೆ ಒರಗಿ ನಿಂತಿದ್ದ ಮೊಮ್ಮಗಳನ್ನು ನೋಡಿದೆವು. ಅವಳು ತನ್ನ ಉದ್ದನೆಯ ಕೈಯೆತ್ತಿ, "ಹಾಯ್" ಅಂದಳು.

ಅಧಿಕಾರಿ ನಗು ತಡೆದುಕೊಳ್ಳಲು ಉಂಡೆ ಕಚ್ಚಿದಳು. "ಆ ಕೆಲಸ ಇನ್ನೂ ಮುಗಿದಿಲ್ಲವಂತಾ?"

ನಾನು ಕನ್ನಡದಲ್ಲಿ ಕೇಳಿದೆ. ಅಜ್ಜಿ ಸೊಸೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಕ್ಯಾಂಟೀನಿನ ದೊಡ್ಡ ದೊಡ್ಡ ಪಾತ್ರೆ ಎತ್ತಿ ಅವಳ ಹೆಗಲು ಒಂದು ಕಡೆಗೆ ವಾಲಿತ್ತು. "ಎಲ್ಲಿ ಮುಗೀತವಾ. ಈಕಿ ಇನ್ನೂ ಸುಧಾರಿಸ್ಕೊಂಡಿಲ್ಲ" ಅಂದರು.

ಅದನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ಹಾಕಿದೆ. ಅಧಿಕಾರಿಯೂ ಆ ಹೆಗಲನ್ನು ನೋಡಿ, ಬರೆದುಕೊಳ್ಳಲು ಪೆನ್ನು ತೆಗೆದಳು. ಆದರೆ ರೂಮು ನೋಡಲು ಎದ್ದಾಗ ಆ ಸೂಟ್‌ಕೇಸ್ ಅವಳ ಕಾಲಿಗೇ ತಾಕಿತು. ಇದನ್ನು ಮುಚ್ಚಿಡಬೇಕು ಅನ್ನುವ ಬುದ್ಧಿ ನನಗಾಗಲಿ ಗೆಳತಿಗಾಗಲಿ ಹೊಳೆದಿರಲಿಲ್ಲ, ಅದು ಆ ಮನೆಯಲ್ಲಿ ಕುರ್ಚಿ ಮೇಜಿನ ಹಾಗೆ ಆಗಿಹೋಗಿತ್ತು. ಅವಳು ಪೆನ್ನು ಕೆಳಗಿಟ್ಟಳು. ಗೆಸ್ಟ್ ಅಂತ ಸ್ವತಃ ಅವರೇ ಹೇಳಿದರೆ ನಾನು ಬೇರೆ ಬರೆಯಲಾರೆ ಮ್ಯಾಮ್ ಅಂದಳು. ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ ಅದು.

ನನಗೆ ತಾಳ್ಮೆ ತಪ್ಪಿತು. ಮೆತ್ತಗಿನ ಮೈಸೂರು ಕನ್ನಡವನ್ನು ಪಕ್ಕಕ್ಕಿಟ್ಟೆ. "ಅಮ್ಮ, ನೀವು ಗೆಸ್ಟ್ ಅಂದ್ರೆ ಈ ರೂಮು ಹೋಗತ್ತೆ. ಇವರಿಬ್ಬರನ್ನ ಒಂದೇ ರೂಮಿನ ಮನೆಗೆ ಕಳಿಸ್ತಾರೆ. ನೀವು ಹೊರಡ್ಬೇಕು. ನಿಮ್ಮ ನಾಳೆ ಅಲ್ಲ, ನಿಜವಾದ ನಾಳೆ."

"ಅಜ್ಜಿ, ಜಸ್ಟ್ ಸೇ ಇಟ್" ಅಂದಳು ಮೊಮ್ಮಗಳು.

ಅಜ್ಜಿ ಅಧಿಕಾರಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಸೊಸೆಯ ಮುಖವನ್ನೇ ನೋಡಿದರು. ಅವಳು ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಸೆರಗನ್ನು ಎಳೆದು ಸರಿಮಾಡಿಕೊಂಡು ಅಜ್ಜಿ ಬಹಳ ಸಣ್ಣ ದನಿಯಲ್ಲಿ, "ಮೈ ಹೌಸ್" ಅಂದರು.

"ಮತ್ತೆ ನಾಳೆ?" ಅಂತ ಅಧಿಕಾರಿ ಕೇಳಿದಳು.

"ಟುಮಾರೋ ನೋ ಗೋಯಿಂಗ್."

ಅಧಿಕಾರಿ ಬರೆದುಕೊಂಡಳು. ಬೂಟು ಹಾಕಿಕೊಳ್ಳುವಾಗ, ಮುಂದಿನ ವರ್ಷ ಮತ್ತೆ ಬಂದು ಕೇಳುತ್ತೇವೆ ಅಂತ ಎಚ್ಚರಿಕೆ ಹೇಳಿದಳು, ಎರಡು ಉಂಡೆ ಕಾಗದದಲ್ಲಿ ಸುತ್ತಿಸಿಕೊಂಡು ಹೋದಳು. ಬಾಗಿಲು ಹಾಕಿಕೊಂಡ ಮೇಲೆ ನಾನು ಕಾರಿನ ಕೀ ಹುಡುಕುವ ನಾಟಕ ಮಾಡುತ್ತ ನಿಂತಿದ್ದೆ.

ಅಜ್ಜಿ ಮಂಚದ ಅಂಚಿಗೆ ಕೂತು, ಸೂಟ್‌ಕೇಸಿನ ಕೆಂಪು ದಾರವನ್ನು ತಿರುವುತ್ತಿದ್ದರು. "ನಾ ಹಂಗಂದದ್ದು ನಿನಗ ಬ್ಯಾಸರ ಆಗಲಿಲ್ಲಲ್ಲ?" ಅಂತ ಸೊಸೆಯನ್ನು ಕೇಳಿದರು. "ಮಗ ಇದ್ದಾಗ ಅಂದಿದ್ರ ಒಂದ ಮಾತು. ಅಂವಾ ಹಂಗ ಮಾಡಿ ಹೋದಮ್ಯಾಲ ನಿನ್ನ ಮನ್ಯಾಗ ಕೂತು ನನ್ನ ಮನಿ ಅಂತ ಯಾವ ಬಾಯಲೆ ಅನ್ನಲಿ? ನೀ ಒಂದಿನ ಹೋಗ್ರಿ ಅಂದ್ರ, ಹೋಗಾಕ ತಯಾರ ಇರಬೇಕಲ್ಲ."

ಗೆಳತಿ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದಳು. ಊರಿಗೆ ಹೋಗುವ ಹಂಬಲಕ್ಕೆ ಅತ್ತೆ ಸೂಟ್‌ಕೇಸ್ ಕಟ್ಟಿಟ್ಟಿದ್ದಾರೆ, ತನ್ನ ಮೇಲಿನ ಮರುಕಕ್ಕೆ ಕಷ್ಟಪಟ್ಟು ಉಳಿದಿದ್ದಾರೆ ಅಂತ ಅವಳು ಅಷ್ಟು ವರ್ಷ ಅಂದುಕೊಂಡಿದ್ದಳು. ನಾನೂ ಹಾಗೇ ತಿಳಿದಿದ್ದೆ. ಅವಳು ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಕಟ್ಟಿದ ಕಸದ ಚೀಲವನ್ನು ತಂದು ಅತ್ತೆಯ ಮುಂದೆ ಇಟ್ಟಳು.

"ಬ್ಯಾಸರ ಯಾಕ್ರಿ ಅತ್ತಿ. ಮನಿಯವರು ಅಂತ ಬರಸೀರಿ. ಇನ್ನ ಮ್ಯಾಲ ಕಸಾ ನೀವಽ ಚೆಲ್ರಿ."

ಆ ಮನೆಯ ರೂಮು ಆ ವರ್ಷ ಉಳಿಯಿತು. ಅವರ ಕೆಳಗಿನ ಮನೆಯವರದು ಹೋಯಿತು, ಅವರಿಗೆ ತೋರಿಸಲು ಅಜ್ಜಿ ಇರಲಿಲ್ಲ. ನನ್ನ ಗಂಡ ಕೇಳಿ, ಪಾಪ ಅಂದರು, ಈ ಸಲ ಟ್ಯಾಕ್ಸ್ ದುಡ್ಡಿನ ಮಾತು ಎತ್ತಲಿಲ್ಲ. ನಮ್ಮ ರಿಯಾಯಿತಿ ಎಂದಿನಂತೆ ತಾನಾಗಿಯೇ ಬಂತು, ಮಹಡಿಯ ರಾಜ ರಾಣಿಯನ್ನು ಯಾರೂ ಮಾತಾಡಿಸಲಿಲ್ಲ.

ಕೆಲವು ವಾರಗಳಾದ ಮೇಲೆ ನಾನು ಅವಳ ಮನೆಗೆ ಹೋದಾಗ, ಸೀರೆಗೆ ಮೊಮ್ಮಗಳ ಹಳೆಯ ಸ್ಪೋರ್ಟ್ಸ್ ಶೂ ಹಾಕಿಕೊಂಡ ಅಜ್ಜಿ ಪಾರ್ಕಿಂಗ್ ಲಾಟಿನಲ್ಲಿ ದೊಡ್ಡದೊಂದು ಚೀಲ ಎಳೆದುಕೊಂಡು ಕಸದ ತೊಟ್ಟಿಯ ಕಡೆ ನಡೆದಿದ್ದರು. ಮ್ಯಾನೇಜರ್ ಓಡಿಬಂದು, ಕೊಡಿ ನಾನು ಹಾಕುತ್ತೇನೆ ಅಂತ ಕೈಚಾಚಿದಳು. ಅಜ್ಜಿ ಚೀಲವನ್ನು ಎದೆಗೆ ಅವಚಿಕೊಂಡು, "ನೋ ನೋ. ಮೈ ಹೌಸ್, ಮೈ ಕಸ" ಅಂದು ಅವಳನ್ನು ದಾಟಿಕೊಂಡು ಹೋದರು.