ಯಾನ್ಬುವಿನಲ್ಲಿ ಒಂದು ಬನ್ನಿ

ನಮ್ಮ ಹಿತ್ತಲಿನ ದೇವರನ್ನು ಕಡಿಯಲು ಮೊನ್ನೆ ಬೆಳಿಗ್ಗೆ ಶೆಟ್ಟರು ಬಂದಿದ್ದರು. ಕೈಯಲ್ಲಿ ಲಿಸ್ಟ್, ಹಿಂದೆ ಗರಗಸ ಹಿಡಿದ ಇಬ್ಬರು ಕೆಲಸಗಾರರು.

ಸೌದಿ ಅರೇಬಿಯದ ಯಾನ್ಬುವಿನಲ್ಲಿರುವ ನಮ್ಮ ರಿಫೈನರಿ ಕಾಲೊನಿಯಲ್ಲಿ ಗಿಡಮರಗಳ ಉಸ್ತುವಾರಿ ಈ ಉಡುಪಿ ಕಡೆಯ ಶೆಟ್ಟರದು. ದೇವರು ಅಂದರೆ ಒಂದು ಬನ್ನಿ ಮರ. ಮೂರು ವರ್ಷದ ಹಿಂದೆ ಏಸಿಯ ನೀರು ತೊಟ್ಟಿಕ್ಕುವ ಜಾಗದಲ್ಲಿ ತಾನಾಗಿಯೇ ಮೊಳೆಯಿತು. ಸಣ್ಣ ಎಲೆ, ಮುಳ್ಳು. ನೋಡಿದವನೇ ಬನ್ನಿ ಎಂದು ತೀರ್ಪು ಕೊಟ್ಟೆ. (ನನಗೆ ಗೊತ್ತಿದ್ದ ಬನ್ನಿ ಎಂದರೆ ದಸರೆಗೆ ಮೈಸೂರಿನ ಮಾರ್ಕೆಟ್ಟಿನಲ್ಲಿ ಸಿಗುವ ಸೊಪ್ಪಿನ ಕಟ್ಟು ಮಾತ್ರ. ಇಂಜಿನಿಯರ್ ಬೇರೆ, ಕೇಳಬೇಕೇ?)

ಅಲ್ಲಿಯವರೆಗೆ ನನ್ನ ಹೆಂಡತಿ ಶಾರದಾ ಸೂಟ್‌ಕೇಸನ್ನು ಅಟ್ಟಕ್ಕೆ ಏರಿಸಿರಲೇ ಇಲ್ಲ. "ಈ ಮಾರ್ಚಿಗೆ ನಾನು ಮೈಸೂರಿಗೆ ಹೊರಟೆ, ನೀವು ಬೇಕಾದ್ರೆ ಇರಿ" ಎಂಬುದು ನಿತ್ಯದ ಮಾತು. ಬನ್ನಿ ಚಿಗುರಿದ ಮೇಲೆ ಆ ಮಾತು ನಿಂತಿತು. ಬೆಳಿಗ್ಗೆ ಕುಂಕುಮ ಹಚ್ಚಿ ಮೂರು ಸುತ್ತು. ಇಲ್ಲಿ ಗುರುವಾರ ರಜೆ, ಸಂಜೆ ಅದರಡಿ ಚಾಪೆ. ಊರಿನ ಕಾಗದಗಳನ್ನು ಅಲ್ಲೇ ಓದುವುದು. ಕೆಂಪು ಸಮುದ್ರದ ಗಾಳಿ ಬೀಸಿದರೆ ಎಲೆಗಳ ನೆರಳು ಅವಳ ಮುಖದ ಮೇಲೆ ಮೆಲ್ಲಗೆ ಹರಿದಾಡುತ್ತಿತ್ತು.

"ಮಾತಾಡಬೇಡಿ, ಈಗ ನಾನು ಅಮ್ಮನ ಮನೇಲಿದ್ದೀನಿ" ಎನ್ನುತ್ತಿದ್ದಳು, ಕಣ್ಣು ಮುಚ್ಚಿಕೊಂಡೇ. ನಾನೂ ಮುಚ್ಚುತ್ತಿದ್ದೆ. ರಿಫೈನರಿಯ ಸದ್ದು ದೂರವಾಗುತ್ತಿತ್ತು. ಯಾವ ದೇಶ, ಯಾವ ವರ್ಷ, ಒಂದೂ ನೆನಪಿರುತ್ತಿರಲಿಲ್ಲ. ಎಷ್ಟು ಸುಖವಾಗಿದ್ದೆವು!

"ಎಂತ ಬನ್ನಿ ಮಾರಾಯ್ರೇ!" ಬನ್ನಿ ಮರ, ಕಡಿಯಬೇಡಿ ಎಂದು ಮೊನ್ನೆ ನಾನು ಹೇಳಿದಾಗ ಶೆಟ್ಟರು ನಕ್ಕೇಬಿಟ್ಟರು. "ಇದು ಬಳ್ಳಾರಿ ಜಾಲಿ. ಹೊರಗಿಂದು. ನೆರಳಿಗೆ ಅಂತ ಯಾರೋ ತಂದು ನೆಟ್ಟದ್ದು. ಒಂಟೆ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಹಾಕ್ತದೆ. ಈಗ ಒಣಹಳ್ಳದಲ್ಲೆಲ್ಲ ಇದೇ, ಈ ಊರಿನ ಗಿಡಕ್ಕೆ ಜಾಗ ಇಲ್ಲ. ಇವತ್ತು ಕಡಿಯದಿದ್ರೆ ಆಗುದಿಲ್ಲ."

ಶಾರದಾ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮರ ಹೋದರೆ ಅವಳೂ ಹೊರಡುತ್ತಾಳೆ.

"ನೆರಳಿಗೆ ಅಂತ ತಂದ್ರಾ?" ಎಂದಳು.

"ಹೌದಕ್ಕ."

"ನೆರಳು ಕೊಟ್ಟಿತಲ್ಲ?"

ಶೆಟ್ಟರು ಕೆಲಸಗಾರನ ಕೈಯಿಂದ ಗರಗಸ ಇಸಿದುಕೊಂಡು ಬುಡದ ಬಳಿ ಕುಕ್ಕರುಗಾಲಲ್ಲಿ ಕೂತರು. ಕುಂಕುಮ ಕಂಡಿತು. ಎದ್ದು ಎರಡು ಹೆಜ್ಜೆ ಹಿಂದೆ ಸರಿದು ಬೂಟು ಕಳಚಿದರು.

"ಪೂಜೆ ಮಾಡಿದ ಮರ ಅಕ್ಕ. ನನ್ನ ಕೈಯಿಂದ ಆಗುದಿಲ್ಲ. ಇವರಿಗೆ ಕಡಿಯಿರಿ ಅಂತ ಹೇಳ್ಲಿಕ್ಕೂ ಬಾಯಿ ಬರುದಿಲ್ಲ."

ಲಿಸ್ಟಿನಲ್ಲಿ ಎರಡು ಕಾಲಂ ಇದ್ದವು. ಒಂದು ಈ ಊರಿನ ಗಿಡಕ್ಕೆ, ಇನ್ನೊಂದು ಕಡಿಯಬೇಕಾದ ಹೊರಗಿನದಕ್ಕೆ. ಶೆಟ್ಟರು ಅತ್ತಿತ್ತ ನೋಡಿ, ಮೊದಲನೆಯದರಲ್ಲಿ ಟಿಕ್ ಹಾಕಿದರು. "ಕಾಯಿ ಮಾತ್ರ ಬಲಿಲಿಕ್ಕೆ ಬಿಡ್ಬೇಡಿ, ಆಯ್ತಾ?" ಎಂದು ಹೇಳಿ ಹೊರಟರು.

ಶಾರದಾ ಉಳಿದಿದ್ದಾಳೆ. ನನಗೆ ಹೋದ ಜೀವ ಬಂದಂತಾಗಿದೆ. ಆದರೂ ಎಂಟು ವರ್ಷದಿಂದ ಇಕಾಮಾ (ಇಲ್ಲಿರಲು ಕೊಡುವ ಪರವಾನಗಿ ಪುಸ್ತಕ) ನವೀಕರಿಸುತ್ತಲೇ ಇರುವ ನನಗೆ ಆ ಜಾಲಿಯ ಮೇಲೆ ಕೊಂಚ ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ.

ಶೆಟ್ಟರೇ, ಆ ಕಾಲಂನಲ್ಲಿ ಇನ್ನೆರಡು ಟಿಕ್‌ಗೆ ಜಾಗ ಇತ್ತೇ?