ಪಾತ್ರೆ ಪಟ್ಟಿಯ ಲಾಯರಮ್ಮ

ಚಾಮರಾಜನಗರದ ಕೋರ್ಟಿನಲ್ಲಿ ಗಂಡ ಹೆಂಡಿರ ಜಗಳ ಬಗೆಹರಿಸಲು ಕೂರುವ ಲಾಯರಮ್ಮ ಸ್ವರ್ಣಲತಾ, ವಿಚ್ಛೇದನದ ಕಾಗದಕ್ಕೆ ಸಹಿ ಬೀಳುವ ಮುಂಚೆ, ತವರಿನವರು ಹೆಸರು ಕೊರೆಸಿ ಕೊಟ್ಟ ಪಾತ್ರೆಗಳ ಪಟ್ಟಿಯನ್ನು ಆಮೆಗೂ ಬೇಸರವಾಗುವಷ್ಟು ನಿಧಾನವಾಗಿ ಓದುತ್ತಾರೆ. ಒಂದು ಸೌಟನ್ನೂ ಬಿಟ್ಟವರಲ್ಲ. ಸೌಟಿಗಾಗಿ ಕಿತ್ತಾಡುವವರು ಇನ್ನೂ ಒಂದೇ ಒಲೆಯವರು, 'ಎಲ್ಲಾ ಅವರೇ ಇಟ್ಟುಕೊಳ್ಳಲಿ' ಎಂದವರ ಸಂಸಾರ ಮುಗಿದಂತೆ ಎಂಬುದು ಅವರ ಇಪ್ಪತ್ತು ವರ್ಷಗಳ ನಂಬಿಕೆ. ಅದಕ್ಕೇ ಇವತ್ತು ಕುದೇರಿನ ರವಿಕುಮಾರ, "ಹಂಡೆ ಕೊಡಕ್ಕಿಲ್ಲ, ಅದೇನ್ ಮಾಡ್ಕತ್ತಾಳೋ ಮಾಡ್ಕಳ್ಲಿ" ಎಂದು ಮೇಜು ಗುದ್ದಿದಾಗ, ಒಂದು ಕುರ್ಚಿ ಬಿಟ್ಟು ಕೂತಿದ್ದ ಹೆಂಡತಿ ಶಿವಲಕ್ಷ್ಮಿ, "ನಮ್ಮಪ್ಪ ಕೊಡ್ಸಿದ್ದು ಕಣವ್ವ, ನಾ ಬುಡಕ್ಕಿಲ್ಲ" ಎಂದು ಎದ್ದು ನಿಂತಾಗ, ಲಾಯರಮ್ಮ ಒಳಗೊಳಗೇ ಹಿಗ್ಗಿದರು. ಆ ಹಿಗ್ಗಿನಲ್ಲೇ "ಬೆಳ್ಳಿ ಒಳಲೆ, ಒಂದು" ಎಂದು ಮುಂದಿನ ಸಾಲು ಓದಿಬಿಟ್ಟರು. ಗುದ್ದಿದ ಕೈ ಮೇಜಿನ ಮೇಲೇ ಉಳಿಯಿತು. ಅವರಿಬ್ಬರ, ಮೂರೇ ತಿಂಗಳು ಬದುಕಿದ್ದ ಮಗುವಿಗೆ ಹಾಲು ಕುಡಿಸುತ್ತಿದ್ದ ಒಳಲೆ ಅದು. "ಅದ ಓದ್‌ಬ್ಯಾಡಿ ಕಣವ್ವ" ಎಂದರು ಗಂಡ ಹೆಂಡತಿ ಒಟ್ಟಿಗೇ; ಇಷ್ಟು ದಿನದಲ್ಲಿ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಇದೇ ಮೊದಲು. ಸೌಟನ್ನೂ ಬಿಡದ ಲಾಯರಮ್ಮ ಪಟ್ಟಿಯನ್ನು ಅಲ್ಲಿಗೇ ಮಡಿಚಿಟ್ಟು, ಇಬ್ಬರ ನಡುವೆ ಖಾಲಿ ಇದ್ದ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಗೋಡೆಯ ಕಡೆಗೆ ಇಟ್ಟರು.