ನಾಲ್ಕು ಬೆರಳಿನ ದೂರ

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಪದ್ಮಿನಿಯ ನಲವತ್ತೆರಡು ವರ್ಷದ ಬದುಕಿನಲ್ಲಿ ಭಯ ಹಾಸುಹೊಕ್ಕಾಗಿತ್ತು. ಈಚೆಗೆ ಅಂಗಡಿಗೆ ಹೋಗುವ ಓಣಿಯಲ್ಲಿ ಒಬ್ಬ ಕುಡುಕ ದಿನವೂ ಅಡ್ಡ ನಿಲ್ಲತೊಡಗಿದ. ಈ ವಯಸ್ಸಿನಲ್ಲಿ ಕರಾಟೆ ಮೇಷ್ಟ್ರ ಮುಂದೆ ನಿಲ್ಲಲು ನಾಚಿಕೆ. ಮೊಬೈಲನ್ನು ಮಗ್ಗಕ್ಕೆ ಒರಗಿಸಿ, ವಿಡಿಯೋ ನೋಡಿ ಒದೆಯುವುದನ್ನು ತಾನೇ ಕಲಿತಳು. ಮನೆಯ ಜಾಗವೆಲ್ಲ ಮಗ್ಗದ್ದೇ. ಕಾಲು ತಾಕಿ ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆ ಕಿತ್ತುಹೋದರೆ ಸೀರೆ ಕೆಟ್ಟಂತೆ. ಹಾಗಾಗಿ ಪ್ರತಿ ಒದೆಯನ್ನೂ ನಾಲ್ಕು ಬೆರಳು ಈಚೆಗೇ ನಿಲ್ಲಿಸುತ್ತಿದ್ದಳು.

ನಿನ್ನೆ ಸಂಜೆ ಓಣಿಯಲ್ಲಿ ಆ ಕುಡುಕ ಕೈ ಚಾಚಿದ. ಪದ್ಮಿನಿ ಒದ್ದಳು. ಕಾಲು ಅವನ ಹೊಟ್ಟೆಯಿಂದ ಸರಿಯಾಗಿ ನಾಲ್ಕು ಬೆರಳು ಈಚೆಗೆ ನಿಂತಿತು. ಅವನು ಬೆಚ್ಚಿ ಹಿಂದಕ್ಕೆ ಬಿದ್ದು, ಎದ್ದು ಓಡಿದ. ಅವಳೂ ಓಡಿದಳು, ಮನೆ ಕಡೆಗೆ.

“ತಾಕ್ತೇನವ್ವ?” ಎಂದರು, ನಡೆದದ್ದನ್ನು ಕೇಳಿದ ಅತ್ತೆ ಅನಸೂಯಮ್ಮ.

“ಇಲ್ಲ ಕಣತ್ತೆ. ನನ್ ಕಾಲು ತಾಕಾಕಿಲ್ಲ ಅಂತ ಅವ್ನಿಗೆ ಗೊತ್ತಾಗ್ಬುಟ್ರೆ? ನಾಳೇನೂ ಅದೇ ದಾರೀಲಿ ಓಗ್ಬೇಕಲ್ಲ!”

ಅನಸೂಯಮ್ಮ ಸೊಸೆಯನ್ನು ಹಿತ್ತಿಲಿಗೆ ಕರೆದೊಯ್ದು, ದಿಂಬೊಂದನ್ನು ಹೊಟ್ಟೆಗೆ ಅವುಚಿಕೊಂಡು, ಗೋಡೆಗೆ ಒರಗಿ ನಿಂತು ಕಣ್ಣು ಮುಚ್ಚಿದರು.

“ಇಲ್ಲಿ ಮಗ್ಗ ಇಲ್ಲ. ತಾಕೋ ಅಂಗೆ ಒದಿ. ವಸಿ ಮೆಲ್ಲಗೆ ಕಣವ್ವಾ!”